ಧರ್ಮಾಸ್ಪತ್ರೆಯ ಅನುಮಾನದ ಇಂದ್ರಮ್ಮ

ಹೊಳವನಹಳ್ಳಿಯಲ್ಲಿ ಬಸ್ಸಿಳಿದು ಧರ್ಮಾಸ್ಪತ್ರೆಗೆ ದಾರಿ ಕೇಳಿದರೆ, ದಾರಿಯ ಜೊತೆಗೆ ಒಂದು ಎಚ್ಚರಿಕೆಯನ್ನೂ ಪುಕ್ಕಟೆ ಕೊಡುತ್ತಾರೆ. "ಒಳಗೆ ಹೋಗ್ತಿದ್ದಂಗೆ ಕೌಂಟರ್ ಸಿಗ್ತದೆ. ಅಲ್ಲಿ ಇಂದ್ರಮ್ಮ ಕುಂತಿರ್ತಾರೆ. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ರ ಕೊಡಪ್ಪ, ಇಲ್ದಿದ್ರೆ ನಿನ್ ಕಾಯಿಲೆನೂ ಸುಳ್ಳು ಅಂದ್ಬುಡ್ತಾರೆ."

ಇದು ಪೂರಾ ತಮಾಷೆಯಲ್ಲ. ಹೊಟ್ಟೆನೋವೆಂದು ಬಂದವನು ನಿನ್ನೆ ಎಲ್ಲಿ ಉಂಡ, ಜೊತೆಗೆ ಉಂಡವರಿಗೂ ನೋವು ಬಂತೇ ಎಂದು ವಿಚಾರಿಸದೆ ಇಂದ್ರಮ್ಮ ಚೀಟಿ ಕೊಟ್ಟವರಲ್ಲ. ಹೆರಿಗೆ ವಾರ್ಡಿಗೆ ಮಗು ನೋಡಲು ಬಂದವರು ಬಾಣಂತಿಯ ಹೆಸರು, ಅವಳ ತವರೂರು, ಮಗು ಹೆಣ್ಣೋ ಗಂಡೋ ಎಲ್ಲ ಒಪ್ಪಿಸಬೇಕು. ಒಮ್ಮೆ ಬುಕ್ಕಾಪಟ್ಟಣದಿಂದ ಬಂದ, ಮಗುವಿನ ಸ್ವಂತ ಅಜ್ಜಿಯನ್ನೇ ಮಕ್ಕಳ ಕಳ್ಳಿಯೆಂದು ಬಾಗಿಲಲ್ಲಿ ನಿಲ್ಲಿಸಿಕೊಂಡು, ಆ ಮುದುಕಿ ಹಾಕಿದ ಶಾಪವನ್ನು ಇಡೀ ಆಸ್ಪತ್ರೆಗೆ ಕೇಳಿಸಿದ್ದರು. ಇನ್ನೊಮ್ಮೆ ಕೊರಳಿಗೆ ಸ್ಟೆತಾಸ್ಕೋಪು ನೇತುಹಾಕಿಕೊಂಡು ವಾರ್ಡು ಸುತ್ತುತ್ತಿದ್ದವನನ್ನು ಡಾಕ್ಟರಲ್ಲವೆಂದು ಹಿಡಿದುಕೊಟ್ಟವರೂ ಇವರೇ. ಅಜ್ಜಿಯ ಕತೆಯನ್ನು ಯಾರಾದರೂ ಎತ್ತಿದರೆ ಇಂದ್ರಮ್ಮ ಈ ಕಳ್ಳ ಡಾಕ್ಟರನ ಕತೆ ತೆಗೆದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಅನುಮಾನ ಅವರಿಗೆ ಎಳೆತನದಲ್ಲೇ ಅಂಟಿದ್ದು. ಹುಟ್ಟಿದ್ದು ಸಿರಾ ತಾಲ್ಲೂಕಿನ ಗೌಡಗೆರೆಯಲ್ಲಿ. ಕಣದಲ್ಲಿ ಕಡಲೆಕಾಯಿ ರಾಶಿ ಬಿದ್ದಾಗ ಅಪ್ಪ ಮಗಳನ್ನು ಅದರ ಪಕ್ಕ ಕೂರಿಸಿ, "ಬಂದೋರ ಮಖ ನೋಡಬ್ಯಾಡ ಕಣಮ್ಮ, ಕೈ ನೋಡು" ಎಂದು ಹೇಳಿ ಹೋಗುತ್ತಿದ್ದ. ಮಾತಾಡಿಸಲು ಬಂದ ಸೋದರಮಾವನೂ ಹೋಗುವಾಗ ಮುಷ್ಟಿ ಬಿಚ್ಚಿ ತೋರಿಸಿಯೇ ಹೋಗಬೇಕಾಗಿತ್ತು. ಮದುವೆಯಾಗಿ ಮಧುಗಿರಿ ಸೇರಿದ ಮೇಲೆ ಗಂಡ ಚಂದ್ರಶೇಖರಯ್ಯನ ಕಿರಾಣಿ ಅಂಗಡಿಯಲ್ಲೂ ಅದೇ ಕಣ್ಣು, ಅದೇ ಕಾವಲು. ಆ ಮನುಷ್ಯ ಮೆತ್ತಗಿನವರು, ಎಲ್ಲರನ್ನೂ ನಂಬುವವರು. ಇಬ್ಬರದೂ ಸೇರಿ ಸಂಸಾರ ಸರಿಯಾಗಿ ತೂಗುತ್ತಿತ್ತು. ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಮತ್ತೆ ಏಳಲಿಲ್ಲ.

ಮಕ್ಕಳಿರಲಿಲ್ಲ. ಅಂಗಡಿಯನ್ನು ಗಂಡನ ಅಣ್ಣತಮ್ಮಂದಿರು ನೋಡಿಕೊಳ್ಳುತ್ತೇವೆಂದರು, ನೋಡಿಕೊಂಡರು ಕೂಡ, ತಮ್ಮದೇ ಎಂಬಷ್ಟು ಚೆನ್ನಾಗಿ. ಇಂದ್ರಮ್ಮ ಧರ್ಮಾಸ್ಪತ್ರೆಯ ಕೌಂಟರಿಗೆ ಬಂದು ಕೂತರು. ಅಂಗಡಿ ಹೋದದ್ದನ್ನು ಅವರು ಮರೆತರು. ಆದರೆ ನೆಂಟರ ಮನೆಯ ಮದುವೆಗಳಲ್ಲಿ ಆರತಿ ಎತ್ತುವ ಹೊತ್ತಿಗೆ "ನೀವು ಒಳಗೆ ಕೂತಿರಿ, ಸುಸ್ತಾಗಿರ್ತದೆ" ಎಂದು ನಯವಾಗಿ ಪಕ್ಕಕ್ಕೆ ಸರಿಸುತ್ತಾರಲ್ಲ, ಅದನ್ನು ಮಾತ್ರ ಯಾವತ್ತೂ ಮರೆಯಲಿಲ್ಲ. ಯಾರು ಮನೆಗೆ ಬಂದು ಕರೆದರು, ಯಾರು ದಾರಿಯಲ್ಲಿ ಸಿಕ್ಕಾಗ ಕರೆದರು, ಯಾರು ಕರೆಯಲೇ ಇಲ್ಲ ಎಂಬುದೆಲ್ಲ ಅವರ ಮನಸ್ಸಿನಲ್ಲಿ ಕೂತಿತ್ತು.

ಧರ್ಮಾಸ್ಪತ್ರೆಯ ಲೆಕ್ಕಪತ್ರ, ರಕ್ತಪರೀಕ್ಷೆ, ಎಕ್ಸ್-ರೇ, ಹಳೇ ರೋಗಿಗಳ ಪೂರ್ತಿ ಚರಿತ್ರೆ ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳಲು ಲಕ್ಷ್ಮೀಪತಿ ಬಂದ. ಪಾವಗಡದ ಕಡೆಯವನು, ಮೂವತ್ತರ ಆಸುಪಾಸು, ಮಾತು ಕಮ್ಮಿ. ಫೋನಿನಲ್ಲಿ ತಾಯಿಯ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದ. ಅರ್ಥವಾಗದ ಭಾಷೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವವನನ್ನು ಇಂದ್ರಮ್ಮ ನಂಬುವುದುಂಟೇ!

ಬಂದವನೇ ಎಲ್ಲರ ಪಾಸ್‌ವರ್ಡು ಬದಲಾಯಿಸಿದ. ಅಲ್ಲಿಯವರೆಗೆ ಇಡೀ ಆಸ್ಪತ್ರೆಗೆ ಒಂದೇ ಪಾಸ್‌ವರ್ಡು ಇತ್ತು, ಅದು ಆಸ್ಪತ್ರೆ ಕಟ್ಟಿಸಿದ ಧರ್ಮಾತ್ಮರ ಹೆಸರು, ಗೋಡೆಯ ಮೇಲೆ ಅವರ ಫೋಟೋದ ಕೆಳಗೇ ಬರೆದಿತ್ತು. ಹೊರಗಿನ ಪೆನ್‌ಡ್ರೈವ್ ಚುಚ್ಚಬೇಡಿ ಎಂದ. ಸ್ವಂತ ಫೋನಿನ ವಾಟ್ಸಾಪನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಸೇರಿಸಬೇಡಿ ಎಂದ. "ಎಲ್ಲಿಂದಾನ ಕಳ್ರು ನುಗ್ತಾರಮ್ಮಾ. ದೊಡ್ಡಾಸ್ಪತ್ರೆಗಳ್ಗೆ ಕಾವಲು ಇರ್ತದೆ. ನಮ್ಮಂಥ ಚಿಕ್ಕವುನ್ನೇ ಅವ್ರು ಹುಡುಕೋದು."

"ಇಲ್ಲಿ ಕಾವಲಿಗೆ ನಾನಿಲ್ವಾ?" ಎಂದರು ಇಂದ್ರಮ್ಮ. ಫೋನು ಸೇರಿಸಬೇಡಿ ಎಂದಿದ್ದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಹಿಡಿಯುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಇವನು ಬೇಡ ಅನ್ನುವುದೇ ನನ್ನ ಮೇಲೆ ಅಧಿಕಾರ ನಡೆಸಲಿಕ್ಕೆ ಎಂದು ಆಯಾ ಓಬಳಮ್ಮನ ಹತ್ತಿರ ಹೇಳಿಕೊಂಡು ನಕ್ಕಿದ್ದರು.

ಓಬಳಮ್ಮ ಹನ್ನೊಂದಕ್ಕೆ ಕಾಫಿ ತರುತ್ತಿದ್ದಳು. ಎಲ್ಲರಿಗೂ ಸ್ಟೀಲ್ ಲೋಟ, ಲಕ್ಷ್ಮೀಪತಿಗೆ ಪೇಪರ್ ಕಪ್ಪು. "ಹೊಸಬ ಅಲ್ವಾ, ಲೋಟ ಕಮ್ಮಿ ಬಿದ್ದೈತೆ" ಎಂದು ಇಂದ್ರಮ್ಮ ಮೊದಲ ದಿನ ಹೇಳಿದ್ದು. ಹೊಸಬನೆಂದರೆ ಎಷ್ಟು ದಿನ ಹೊಸಬ? ಆಮೇಲೆ ಬಂದ ಲ್ಯಾಬಿನ ಹುಡುಗಿಗೆ ಬಂದ ದಿನವೇ ಲೋಟ ಸಿಕ್ಕಿತು. ಅವನ ಮನೆ ಊರಿನ ಯಾವ ಕೇರಿಯಲ್ಲಿದೆ ಎಂದು ಮೊದಲ ವಾರದಲ್ಲೇ ವಿಚಾರಿಸಿ ತಿಳಿದುಕೊಂಡವರು ಇಂದ್ರಮ್ಮನೇ. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ. ಕುಡಿದ ಕಪ್ಪನ್ನು ಮುದುರಿ ಬುಟ್ಟಿಗೆ ಹಾಕಿ ಕೆಲಸಕ್ಕೆ ಕೂರುತ್ತಿದ್ದ.

ಅನುಮಾನಕ್ಕೆ ಒಂದು ಗಟ್ಟಿ ಆಧಾರವೂ ಸಿಕ್ಕಿತು. ಪ್ರತಿ ಶನಿವಾರ ಮನೆಗೆ ಹೊರಡುವ ಮುಂಚೆ ಲಕ್ಷ್ಮೀಪತಿ ಒಂದು ಸಣ್ಣ ಕಪ್ಪು ಡಬ್ಬಿಯನ್ನು ಕಂಪ್ಯೂಟರಿಗೆ ಸೇರಿಸಿ ಕೂತಿರುತ್ತಿದ್ದ. ಕೆಲಸ ಮುಗಿದ ಮೇಲೆ ಅದನ್ನು ಟವಲಿನಲ್ಲಿ ಸುತ್ತಿ ಊಟದ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದ. ಮುಖ ನೋಡದೆ ಕೈ ನೋಡುವ ಇಂದ್ರಮ್ಮನ ಕಣ್ಣಿಗೆ ಅದು ಬೀಳದೆ ಇದ್ದೀತೇ? ಅವರು ಯಾರಿಗೂ ಹೇಳಲಿಲ್ಲ. ಸಮಯ ಬರಲಿ ಎಂದು ಕಾದರು.

ಅಷ್ಟರಲ್ಲಿ ಗೌಡಗೆರೆಯಲ್ಲಿ ಅಣ್ಣನ ಮಗಳು ಭುವನಾಳ ಮದುವೆ ಗೊತ್ತಾಯಿತು. ಭುವನಾಳಿಗೆ ಹೆಸರಿಟ್ಟವರು ಇಂದ್ರಮ್ಮ, ಅವಳ ಅಣ್ಣ ಗೌರೀಶನನ್ನು ಎತ್ತಿ ಆಡಿಸಿದವರೂ ಅವರೇ. ಸೋದರತ್ತೆಯ ಮನೆಗೆ ಎಲ್ಲರಿಗಿಂತ ಮುಂಚೆ ಬಂದು ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಕೊಟ್ಟು ಕರೆಯುವುದು ಪದ್ಧತಿ. ಇಂದ್ರಮ್ಮ ದಿನಾ ಕಾದರು. ಮನೆಯಲ್ಲಿ ಸಕ್ಕರೆ, ರವೆ ತಂದಿಟ್ಟುಕೊಂಡರು.

ಯಾರೂ ಬರಲಿಲ್ಲ. ಬಂದದ್ದು ಗೌರೀಶನ ನಂಬರಿನಿಂದ ಒಂದು ಮೆಸೇಜು. "ನಮ್ಮ ಮನೆಯ ಮದುವೆಗೆ ತಪ್ಪದೆ ಬನ್ನಿ" ಎಂದು ಬರೆದು ಕೆಳಗೊಂದು ಲಗ್ನಪತ್ರಿಕೆಯ ಫೈಲು.

ಕೌಂಟರಿನಲ್ಲಿ ಕೂತಿದ್ದ ಇಂದ್ರಮ್ಮ ಅದನ್ನು ಎರಡೆರಡು ಸಲ ಓದಿದರು. ಫೋನಿನಲ್ಲಾ! ನನ್ನನ್ನಾ! ಗಂಡ ಇಲ್ಲದವಳ ಮನೆಗೆ ಕುಂಕುಮದ ಪತ್ರಿಕೆ ಯಾಕೆ ಅಂದುಕೊಂಡರು, ಅಲ್ಲವೇ? ಬೇರೆ ಯಾರೇ ಕಳಿಸಿದ್ದರೂ ಇದೇನು, ಯಾಕೆ, ಯಾರು ಎಂದು ಹಿಂದೆ ಮುಂದೆ ನೋಡುತ್ತಿದ್ದ ಹೆಂಗಸು ಅವತ್ತು ಏನನ್ನೂ ನೋಡಲಿಲ್ಲ. ಅವರಿಗೆ ತಿಳಿಯಬೇಕಾದದ್ದು ಒಂದೇ: ಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರು ಹಾಕಿಸಿದ್ದಾರೋ ಇಲ್ಲವೋ. ಕಂಪ್ಯೂಟರಿನಲ್ಲಿ ಫೈಲು ಒತ್ತಿದರು. ಪರದೆ ಒಂದು ಸಲ ಮಿಟುಕಿತು, ಪತ್ರಿಕೆ ಬರಲಿಲ್ಲ. ಮತ್ತೆ ಒತ್ತಿದರು. ಅದೇನೋ ಕೇಳಿತು, ಹೂಂ ಎಂದು ಒತ್ತಿದರು. ಏನೂ ಕಾಣಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ನನ್ನನ್ನು ಫೋನಿನಲ್ಲಿ ಕರೆದಿದ್ದಾರೆ ಎಂದು ಯಾವ ಬಾಯಿಂದ ಹೇಳುವುದು? ಮೆಸೇಜು ಅಳಿಸಿ ಹಾಕಿದರು. ಆಮೇಲೆ ಗೌರೀಶ ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಯಾವ ಕಂಪ್ಯೂಟರೂ ತೆರೆಯಲಿಲ್ಲ. ಎಲ್ಲ ಪರದೆಗಳ ಮೇಲೂ ಒಂದೇ ಇಂಗ್ಲಿಷ್ ಬರಹ: ನಿಮ್ಮದೆಲ್ಲ ನಮ್ಮ ಬೀಗದೊಳಗಿದೆ, ದುಡ್ಡು ಕಟ್ಟಿ ಬಿಡಿಸಿಕೊಳ್ಳಿ. ಹೊರಗೆ ರೋಗಿಗಳ ಸಾಲು ಗೇಟಿನವರೆಗೆ ಬೆಳೆದಿತ್ತು. ಸಕ್ಕರೆ ಕಾಯಿಲೆಯವರ ಹಳೇ ರಿಪೋರ್ಟಿಲ್ಲ, ಬಸುರಿಯರ ಸ್ಕ್ಯಾನಿಂಗಿಲ್ಲ, ಯಾರಿಗೆ ಯಾವ ಔಷಧಿ ಆಗುವುದಿಲ್ಲವೆಂದು ಬರೆದಿಟ್ಟದ್ದೂ ಇಲ್ಲ. ಡಾಕ್ಟರು ಪ್ರತಿಯೊಬ್ಬರನ್ನೂ ಮೊದಲಿನಿಂದ ಕೇಳುತ್ತಾ ಕೂತರು. ಕೆಲವರಿಗೆ ನೆನಪಿತ್ತು, ಬಹಳ ಜನಕ್ಕೆ "ಅದೇ ಬಿಳಿ ಮಾತ್ರೆ ಸಾಮಿ" ಅನ್ನುವುದಷ್ಟೇ ಗೊತ್ತಿತ್ತು.

ಲಕ್ಷ್ಮೀಪತಿ ಅವತ್ತು ರಜೆಯಲ್ಲಿದ್ದ. ಸುದ್ದಿ ತಿಳಿದು ಮಧ್ಯಾಹ್ನಕ್ಕೆ ಓಡಿಬಂದವನು ಒಂದೊಂದು ಕಂಪ್ಯೂಟರಿನ ವಯರನ್ನೂ ಕಿತ್ತು ಹಾಕಿದ. ಆಮೇಲೆ ಕೌಂಟರಿಗೆ ಬಂದು, "ಇಲ್ಲಿಂದ್ಲೇ ಒಳಗೆ ಬಂದಂಗೈತಮ್ಮಾ. ಹೊಸದೇನಾನ ತೆಗೆದ್ರಾ?" ಎಂದ.

"ನಾನೇನ್ಲಾ ತೆಗೀಲಿ? ಮೊದ್ಲು ನಿನ್ ಊಟದ ಬ್ಯಾಗ್ ತೆಗಿ, ಎಲ್ರೂ ನೋಡ್ಲಿ!"

ಟ್ರಸ್ಟಿನ ಕಾರ್ಯದರ್ಶಿ ನಂದೀಶ್ವರಯ್ಯನವರ ಎದುರಿಗೇ ಬ್ಯಾಗು ತೆಗೆಸಿದರು. ಟವಲಿನೊಳಗೆ ಕಪ್ಪು ಡಬ್ಬಿ ಇತ್ತು. ವಾರವಾರವೂ ಅದರಲ್ಲಿ ಆಸ್ಪತ್ರೆಯದನ್ನೆಲ್ಲ ತುಂಬಿಕೊಂಡು ಹೋಗುತ್ತಿದ್ದುದನ್ನು ತಾನು ಕಣ್ಣಾರೆ ಕಂಡಿದ್ದೇನೆಂದು ಇಂದ್ರಮ್ಮ ಸಾಕ್ಷಿ ಹೇಳಿದರು. ಲಕ್ಷ್ಮೀಪತಿ ಅದು ನಕಲೆಂದ. ಬೆಂಕಿ ಬಿದ್ದರೆ, ಕಳ್ಳರು ನುಗ್ಗಿದರೆ ಇರಲೆಂದು ಒಂದು ಪ್ರತಿ ಹೊರಗಿಡಬೇಕು, ಡಬ್ಬಿ ಕೊಡಿಸಿ ಎಂದು ಕೇಳಿ ಕೇಳಿ ಸಾಕಾಗಿ ತಾನೇ ತಂದೆ ಎಂದ. ಈಗ ಬಿಟ್ಟರೆ ಅದರಿಂದ ಎಲ್ಲವನ್ನೂ ವಾಪಸು ತರುತ್ತೇನೆ ಎಂದ.

"ಓಹೋ! ಬೀಗ ಹಾಕೋನೂ ನೀನೇ, ಬೀಗದ ಕೈನೂ ನಿನ್ ಹತ್ರಾನೇ!" ಎಂದರು ನಂದೀಶ್ವರಯ್ಯ. "ಮಿಷಿನ್ ಮುಟ್ಟಬೇಡ. ಮನೆಗೆ ನಡಿ. ಗುರುವಾರ ಟ್ರಸ್ಟ್ ಮೀಟಿಂಗ್ ಇದೆ, ಅದಾದ ಮೇಲೆ ನಿನ್ನ ಹೆಸರಲ್ಲಿ ಪೊಲೀಸ್ ಕಂಪ್ಲೇಂಟು." ಡಬ್ಬಿ ಅವರ ಬೀರುವಿನೊಳಗೆ ಹೋಯಿತು.

ಲಕ್ಷ್ಮೀಪತಿ ಇಂದ್ರಮ್ಮನ ಕಡೆ ಒಂದು ಸಲ ನೋಡಿದ. ಖಾಲಿ ಬ್ಯಾಗನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದ. ಇಂದ್ರಮ್ಮನಿಗೆ ಅವತ್ತು ಕಳ್ಳ ಡಾಕ್ಟರನನ್ನು ಹಿಡಿದ ದಿನಕ್ಕಿಂತ ಹೆಚ್ಚು ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಅವರು ಮನೆಗೆ ಹೋಗಿ ಆ ರವೆಯಲ್ಲಿ ಕೇಸರಿಬಾತು ಮಾಡಿಕೊಂಡು ಉಂಡರು.

ಎರಡು ದಿನ ಕಳೆದು ಬುಧವಾರ, ಮಧ್ಯಾಹ್ನದ ಊಟದ ವೇಳೆಗೆ ಆಸ್ಪತ್ರೆಯ ಜಗಲಿಯಲ್ಲಿ ಗೌರೀಶ ಬಂದು ನಿಂತಿದ್ದ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ, ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ.

"ಯಾಕಪ್ಪ ಬರೋ ತೊಂದ್ರೆ ತಗಂಡೆ?" ಎಂದರು ಇಂದ್ರಮ್ಮ, ತಟ್ಟೆ ಮುಟ್ಟದೆ. "ಫೋನ್ನಾಗೇ ಕರೆದಿದ್ಯಲ್ಲ. ಅಷ್ಟು ಮರ್ಯಾದೆ ಸಾಕು ನಂಗೆ."

"ಅಯ್ಯೋ ಅತ್ತೆ, ನಾನೆಲ್ಲಿ ಕಳ್ಸಿದ್ದೆ ಅದ್ನ? ನಂಗೂ ಯಾರ್ದೋ ನಂಬ್ರಿಂದ ಇಂಗೇ ಲಗ್ನಪತ್ರಿಕೆ ಬಂತು, ತೆಗೆದ್ಬುಟ್ಟೆ. ಅದು ಕಳ್ರದು ಕಣತ್ತೆ! ನನ್ ಫೋನೊಳಗೆ ಸೇರ್ಕಂಡು ನನ್ ಹೆಸ್ರಲ್ಲಿ ಎಲ್ರಿಗೂ ಹೋಗ್ಬುಟ್ಟೈತೆ. ತೆಗೀಬ್ಯಾಡಿ ಅಂತ ಊರೋರ್ಗೆಲ್ಲ ಫೋನ್ ಮಾಡ್ದೆ. ನೀವು ಎತ್ಲೇ ಇಲ್ಲ. ಪತ್ರಿಕೆ ಅಚ್ಚಾಗಿದ್ದೇ ನಿನ್ನೆ ಸಂಜೆ, ಮೊದಲ್ನೇದು ನಿಮ್ಗೇ ತಂದಿವ್ನಿ. ತೆಗೆದ್ರಾ ಏನು ಅದ್ನ?"

ಇಂದ್ರಮ್ಮ ತಟ್ಟೆ ಈಸಿಕೊಂಡರು. ಪತ್ರಿಕೆ ಬಿಚ್ಚಿದರು. ಸುಖಾಗಮನ ಬಯಸುವವರಲ್ಲಿ ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅವರ ಹೆಸರು. ಅದರ ಪಕ್ಕದಲ್ಲೇ ದಿವಂಗತ ಚಂದ್ರಶೇಖರಯ್ಯ. ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತಿತ್ತು, ಆದರೂ ಅವರು ಅದನ್ನು ಬಹಳ ಹೊತ್ತು ಓದಿದರು. ಮಿಟುಕಿದ ಪರದೆ ನೆನಪಾಯಿತು, ತಾನು ಹೂಂ ಎಂದು ಒತ್ತಿದ್ದು ನೆನಪಾಯಿತು, ಇಲ್ಲಿಂದಲೇ ಒಳಗೆ ಬಂದಂಗೈತಮ್ಮಾ ಎಂದ ದನಿ ನೆನಪಾಯಿತು. ಗೌರೀಶನಿಗೆ ಅತ್ತೆ ಸಂತೋಷಕ್ಕೆ ಅಳುತ್ತಿದ್ದಾರೆ ಅನ್ನಿಸಿತು.

ಅವನನ್ನು ಬಸ್ಸು ಹತ್ತಿಸಿ ಇಂದ್ರಮ್ಮ ನೆಟ್ಟಗೆ ನಂದೀಶ್ವರಯ್ಯನವರ ಕೋಣೆಗೆ ಹೋದರು. ನಿಂತುಕೊಂಡೇ ಎಲ್ಲ ಹೇಳಿದರು. ನಂದೀಶ್ವರಯ್ಯ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಇಂದ್ರಮ್ಮನೋರೆ, ಇದನ್ನ ಇನ್ಯಾರಿಗಾದ್ರೂ ಹೇಳಿದೀರಾ? ಇಲ್ವಲ್ಲ? ಹಂಗಾದ್ರೆ ಹೇಳ್ಬೇಡಿ. ನೀವು ನಮ್ಮೋರು, ರಿಟೈರಾಗೋ ಹೊತ್ತು. ಇಷ್ಟು ವರ್ಷ ಕಾದು ಕಾದು ಕೊನೆಗೆ ನೀವೇ ಬಾಗಿಲು ತೆಗೆದ್ರಿ ಅಂದ್ರೆ ಊರು ನಗಲ್ವಾ? ಆ ಹುಡುಗ ಹೇಗೂ ಹೊರಗಿನವನು. ಹೋಗಿದಾನೆ, ಹೋಗ್ಲಿ ಬಿಡಿ."

ನಮ್ಮೋರು! ಆ ಮಾತು ಎಷ್ಟು ಮೆತ್ತಗಿತ್ತು ಅಂದರೆ ಇಂದ್ರಮ್ಮ ಒಂದು ಗಳಿಗೆ ಅದರ ಮೇಲೆ ಕೂತುಬಿಟ್ಟರು. ಸುಮ್ಮನಿದ್ದರೆ ಆಯಿತು. ಕೌಂಟರಿನ ಹೆಸರೂ ಉಳಿಯುತ್ತದೆ, ನೆಂಟರೆದುರು ಮಾನವೂ ಉಳಿಯುತ್ತದೆ. ನೀವು ಒಳಗೆ ಕೂತಿರಿ ಎಂದು ಮದುವೆಮನೆಗಳಲ್ಲಿ ಹೇಳುತ್ತಿದ್ದದ್ದೂ ಇದೇ ದನಿಯಲ್ಲೇ ಎಂದು ಆಗ ನೆನಪಾಯಿತು.

"ಯಾವ ಹೊರಗಿನೋನು ಸ್ವಾಮಿ? ಒಳಗಿದ್ದು ಬಾಗಿಲು ತೆಗೆದೋಳು ನಾನು. ಹೊರಗೆ ಕಾಯ್ತಿದ್ದೋನು ಅವ್ನು. ಕಂಪ್ಲೇಂಟು ಕೊಡೋದಾದ್ರೆ ನನ್ ಹೆಸ್ರು ಬರ್ಸಿ. ಆ ಡಬ್ಬಿ ಅವ್ನ್ ಕೈಗೆ ಬರೋವರ್ಗೂ ನಾನು ಈ ಬಾಗ್ಲು ಬುಟ್ಟು ಏಳಲ್ಲ." ಹೇಳಿದ್ದಷ್ಟೇ ಅಲ್ಲ, ಕೋಣೆಯ ಹೊಸ್ತಿಲ ಮೇಲೆ ಕೂತೇಬಿಟ್ಟರು. ಸಾಲಿನಲ್ಲಿದ್ದ ರೋಗಿಗಳೆಲ್ಲ ಬಗ್ಗಿ ನೋಡತೊಡಗಿದಾಗ ನಂದೀಶ್ವರಯ್ಯ ಸೋತರು. ಬೀರುವಿನಿಂದ ಡಬ್ಬಿ ತೆಗೆದು ಇಂದ್ರಮ್ಮನ ಕೈಗೆ ಕೊಟ್ಟು ಫೋನು ಹಚ್ಚಿದರು. ಲಕ್ಷ್ಮೀಪತಿ ಎತ್ತಲಿಲ್ಲ. ಓಬಳಮ್ಮನ ಫೋನಿನಿಂದ ಮಾಡಿದರೂ ಎತ್ತಲಿಲ್ಲ.

"ಎತ್ತಲ್ಲ ಬುಡಿ," ಎಂದರು ಇಂದ್ರಮ್ಮ. "ನಾನೂ ಎತ್ತಿರ್ಲಿಲ್ಲ. ಕರಿಯೋದು ಅಂದ್ರೆ ಮನೆಗೋಗೇ ಕರೀಬೇಕು."

ಮಾರನೇ ದಿನ, ಮೀಟಿಂಗಿನ ದಿನ, ಬೆಳಗಿನ ಮೊದಲ ಬಸ್ಸಿಗೆ ಹೊರಟರು. ಕೊರಟಗೆರೆಯಲ್ಲಿ ಒಂದು ಬಸ್ಸು, ಮಧುಗಿರಿಯಲ್ಲಿ ಇನ್ನೊಂದು. ಗಂಡನ ಅಂಗಡಿಯಿದ್ದ ಬೀದಿ ಕಿಟಕಿಯಲ್ಲಿ ಬಂದು ಹೋಯಿತು, ತಲೆ ಹೊರಳಿಸಲಿಲ್ಲ. ಪಾವಗಡ ದಾಟಿದ ಮೇಲೆ ಹೊಲಗಳಿದ್ದ ಜಾಗದಲ್ಲೆಲ್ಲ ಸೋಲಾರ್ ಹಲಗೆಗಳು ಬಿಸಿಲಿಗೆ ಮುಖ ಮಾಡಿ ನಿಂತಿದ್ದವು. ಹಳ್ಳಿಯಲ್ಲಿ ಇಳಿದು ಕೇರಿ ಯಾವ ಕಡೆ ಎಂದು ಕೇಳಿದಾಗ, ಹೇಳಿದವನು ಇವರ ಹಣೆಯ ವಿಭೂತಿ ನೋಡಿ, ಮತ್ತೆ ಮುಖ ನೋಡಿ, ಕೈ ತೋರಿಸಿದ.

ಬಾಗಿಲು ಅರ್ಧ ತೆರೆದು ಲಕ್ಷ್ಮೀಪತಿಯ ತಾಯಿ ದಾಸಮ್ಮ ಇಣುಕಿದಳು. ಅವಳ ಕಣ್ಣು ಮೊದಲು ಹೋದದ್ದು ಇಂದ್ರಮ್ಮನ ಕೈಗೆ. ಕೈಯಲ್ಲಿ ಒಂದು ಬ್ಯಾಗಿತ್ತು.

"ಎವರಮ್ಮಾ? ಯಾವೂರು?"

"ಹೊಳವನಹಳ್ಳಿ. ಆಸ್ಪತ್ರೆಯಿಂದ ಬಂದಿವ್ನಿ."

"ಯಾರು ಕಳ್ಸಿದ್ದು? ಏನ್ಕೆ? ಜೊತೀಗೆ ಪೊಲೀಸ್ನೋರು ಅವ್ರಾ? ಬ್ಯಾಗ್ನಾಗೆ ಏನೈತೆ?"

ಒಂದಾದ ಮೇಲೊಂದು ಪ್ರಶ್ನೆ. ಎಲ್ಲವೂ ಇಂದ್ರಮ್ಮ ಜನ್ಮವಿಡೀ ಕೇಳಿದ ಪ್ರಶ್ನೆಗಳೇ. ಬಾಗಿಲ ಹೊರಗೆ ನಿಂತು ಉತ್ತರ ಕೊಡುವುದು ಹೇಗಿರುತ್ತದೆಂದು ಅವರಿಗೆ ಅವತ್ತೇ ತಿಳಿದದ್ದು. ಬ್ಯಾಗಿನೊಳಗಿಂದ ಕಪ್ಪು ಡಬ್ಬಿ ತೆಗೆದು ತೋರಿಸಿದರು, ಟವಲಿನ ಸಮೇತ. "ಯಾರೂ ಕಳ್ಸಿಲ್ಲ ಕಣವ್ವ, ನಾನೇ ಬಂದೆ. ನಿನ್ ಮಗ ಕಳ್ಳ ಅಲ್ಲ. ಕಳ್ರುನ್ನ ಒಳಗೆ ಬುಟ್ಟೋಳು ನಾನು, ಹೆಸ್ರು ಕೆಟ್ಟಿದ್ದು ಅವಂದು. ಎಲ್ರ ಮುಂದೂ ಹೇಳಿವ್ನಿ, ಸಂಜೆ ಮೀಟಿಂಗ್ನಾಗೂ ಹೇಳ್ತೀನಿ. ಅವ್ನ ಕರ್ಕಂಡೋಗಾಕೆ ಬಂದಿವ್ನಿ. ಜನ ಸಾಲಾಗಿ ನಿಂತವ್ರೆ ಅಲ್ಲಿ."

ಒಳಗೆ ಗೋಡೆಯ ಆಚೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ದಾಸಮ್ಮ ಬಾಗಿಲು ಪೂರಾ ತೆರೆಯಲಿಲ್ಲ. ಬಿಸಿಲು ಏರಿತ್ತು, ಇಂದ್ರಮ್ಮ ಸೆರಗಿನಲ್ಲಿ ಕತ್ತು ಒರೆಸಿಕೊಂಡರು.

"ದಾಹ ಆಗೈತಾ?" ಎಂದಳು ದಾಸಮ್ಮ.

"ಆಗೈತೆ ಕಣವ್ವ."

"ನೀರೇನೋ ಐತೆ. ನಮ್ಮುಡುಗ ಅಲ್ಲಿ ಪೇಪರ್ ಲೋಟದಾಗೆ ಕುಡೀತಿದ್ನಂತೆ. ನಮ್ಮನ್ಯಾಗೆ ಪೇಪರ್ ಲೋಟ ಇಲ್ಲಮ್ಮಾ. ನಾವು ಕುಡಿಯೋ ಲೋಟಾನೇ ಇರೋದು."

ಹೊಸಬ, ಲೋಟ ಕಮ್ಮಿ ಎಂದದ್ದನ್ನು ಇಲ್ಲಿ ಹೇಳುವ ಹಾಗಿರಲಿಲ್ಲ.

"ಅದ್ರಲ್ಲೇ ಕೊಡವ್ವ," ಎಂದರು.

ದಾಸಮ್ಮ ಸ್ಟೀಲ್ ಲೋಟದ ತುಂಬ ನೀರು ತಂದು ಕೊಟ್ಟಳು. ಇಂದ್ರಮ್ಮ ಲೋಟವನ್ನು ತುಟಿಗೆ ಹಚ್ಚಿ, ಕಚ್ಚಿಯೇ ಕುಡಿದರು. ದಾಸಮ್ಮ ಅವರ ಮುಖ ನೋಡಲಿಲ್ಲ. ಲೋಟ ಹಿಡಿದ ಕೈ ನೋಡಿದಳು, ನೀರು ಇಳಿಯುತ್ತಿದ್ದ ಗಂಟಲು ನೋಡಿದಳು, ಕಡೆಯ ಗುಟುಕು ಇಳಿಯುವವರೆಗೂ ಕಣ್ಣು ತೆಗೆಯಲಿಲ್ಲ. ಬರಿದಾದ ಲೋಟವನ್ನು ವಾಪಸು ತೆಗೆದುಕೊಂಡು, ಬೋರಲು ಹಾಕಿ ನೋಡಿ, ಆಮೇಲೆ ಒಳಗೆ ತಿರುಗಿ ಮಗನನ್ನು ಹೊರಗೆ ಕರೆದಳು.

"ಒರೇ ಪತೀ, ಬೈಟಿಕಿ ರಾರಾ. ನಿನ್ನ ಕರಿಯೋಕೆ ಬಂದವ್ರೆ."